ಹೆಡ್‌ಸೆಟ್ ಹಾಕಿಕೊಂಡಾಗ ಮಗು ಯಾರ ಕೈಯಲ್ಲಿದೆ?

(ತಾಯಂದಿರ ಮಾನಸಿಕ ಆರೋಗ್ಯ ಕುರಿತ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ಟನ್ನು ಒಳಗೆ ಬರುವಾಗಲೇ ನೀವು ನೋಡಿದ್ದೀರಿ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರ್ ಕಟ್ಟಿದ ಬೇರೊಂದು ಲೋಕ ಕಾಣಿಸುವ ಪರದೆ ಇದು. ಕೆಲವರು ಕೈಗೆತ್ತಿಕೊಂಡು ತೂಕವನ್ನೂ ನೋಡಿದಿರಿ. ಸುಮಾರು ಅರ್ಧ ಕಿಲೋ ಇದೆ. ಇಂಥದೊಂದು ಎದುರಿಗಿದ್ದರೆ ಪ್ರಶ್ನೆಗಳೆಲ್ಲ ಅದನ್ನೇ ಸುತ್ತುತ್ತವೆ: ಒಳಗೆ ಏನು ಕಾಣುತ್ತದೆ, ತಲೆ ಸುತ್ತುವುದಿಲ್ಲವೇ, ಇದರಿಂದ ನಿಜವಾಗಿಯೂ ನಿದ್ದೆ ಬರುತ್ತದೆಯೇ. ಗರ್ಭಿಣಿಯರು ಮತ್ತು ಬಾಣಂತಿಯರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಇವೆಲ್ಲಕ್ಕಿಂತ ಮೊದಲು ಕೇಳಬೇಕೆನಿಸುವುದು ಬೇರೊಂದು ಪ್ರಶ್ನೆ. ತಾಯಿ ಇದನ್ನು ಕಣ್ಣಿಗೆ ಕಟ್ಟಿಕೊಂಡು ಕುಳಿತ ಹದಿನೈದು ನಿಮಿಷ, ಮಗು ಯಾರ ಕೈಯಲ್ಲಿದೆ? ಇದಕ್ಕೆ ಉತ್ತರವಿಲ್ಲದ ಮನೆಗೆ ಹೆಡ್‌ಸೆಟ್ ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ. ಏಕೆಂದು ಹೇಳುತ್ತೇನೆ.

ಬಾಣಂತಿಗೆ ನಿದ್ದೆಯಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ಮಾತಿನೊಳಗೆ ಎರಡು ಬೇರೆ ಬೇರೆ ಕಷ್ಟಗಳಿವೆ. ಒಂದು, ಮಲಗಲು ಬಿಡುವೇ ಇಲ್ಲದಿರುವುದು. ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ನಿಜ. ಆದರೆ ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಹಗಲು ಯಾವುದು, ರಾತ್ರಿ ಯಾವುದು ಎಂದು ಅದರ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. ವಯಸ್ಕರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಮಗುವಿಗೆ ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ತಟ್ಟಿ ಮಲಗಿಸಿ ತಾಯಿ ದಿಂಬಿಗೆ ತಲೆ ಕೊಡುವ ಹೊತ್ತಿಗೆ ಒಂದು ಸುತ್ತಿಗಾಗುವಷ್ಟು ಸಮಯವೂ ಉಳಿದಿರುವುದಿಲ್ಲ. ಸಿಕ್ಕುವುದೆಲ್ಲ ಕೋಳಿನಿದ್ದೆ. ಈ ಕಷ್ಟಕ್ಕೆ ಯಾವ ತಂತ್ರಜ್ಞಾನದಲ್ಲೂ ಮದ್ದಿಲ್ಲ. ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಬೇಕು, ಅಷ್ಟೇ.

ಎರಡನೆಯ ಕಷ್ಟ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮಗು ಮಲಗಿದೆ, ಮನೆ ನಿಶ್ಶಬ್ದವಾಗಿದೆ, ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ. ಆದರೂ ತಾಯಿಯ ರೆಪ್ಪೆಗೆ ರೆಪ್ಪೆ ಅಂಟುವುದಿಲ್ಲ. 1982ರಲ್ಲಿ ನಿದ್ರಾ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ ನಿದ್ದೆಯನ್ನು ಎರಡು ಪ್ರಕ್ರಿಯೆಗಳ ಕೂಡಾಟವೆಂದು ವಿವರಿಸಿದರು. ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಹಗಲಿರುಳಿಗೆ ಹೊಂದಿಕೊಂಡು ನಡೆಯುವ ದೇಹದ ಗಡಿಯಾರ ಇನ್ನೊಂದು. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತ ಬಾಣಂತಿಯಲ್ಲಿ ಒತ್ತಡಕ್ಕೆ ಕೊರತೆಯಿಲ್ಲ, ಗಡಿಯಾರವೂ ಮಲಗು ಎನ್ನುತ್ತಿದೆ. ಆದರೆ ಇವೆರಡನ್ನೂ ಮೀರಿಸಿ ಕಾವಲು ಎದ್ದು ನಿಂತಿರುತ್ತದೆ. ಎದೆ ಡವಗುಟ್ಟುತ್ತದೆ, ದವಡೆ ಬಿಗಿದಿರುತ್ತದೆ, ಮಗುವಿನ ಉಸಿರಾಟ ಕೇಳಿಸುತ್ತಿದೆಯೇ ಎಂದು ಕಿವಿ ನೆಟ್ಟಿರುತ್ತದೆ. ಸ್ನಾನಕ್ಕೆ ಹೋದರೆ ನೀರಿನ ಸದ್ದಿನ ನಡುವೆ ಮಗು ಅತ್ತಂತಾಗುತ್ತದೆ. ಓಡಿ ಬಂದು ನೋಡಿದರೆ ಮಗು ಮಲಗಿಯೇ ಇರುತ್ತದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ನಾನು ಮಾತನಾಡಿಸುವ ಎಷ್ಟೋ ಹೆಣ್ಣುಮಕ್ಕಳ ಸ್ಥಿತಿ ಅದಕ್ಕೆ ತಿರುವುಮುರುವು: ಸಂತೆ ಚದುರಿ ಊರೆಲ್ಲ ಮಲಗಿದ ಮೇಲೂ ಅವರ ತಲೆಯೊಳಗಿನ ಸಂತೆ ಚದುರುವುದಿಲ್ಲ.

ವರ್ಚುವಲ್ ರಿಯಾಲಿಟಿಗೆ ಏನಾದರೂ ಕೆಲಸವಿದ್ದರೆ ಅದು ಈ ಎರಡನೆಯ ಕಡೆ.

ತಲೆಗೆ ತೊಡುವ ಪರದೆಯ ಕಲ್ಪನೆ ಹಳೆಯದು. ಐವನ್ ಸದರ್ಲೆಂಡ್ 1968ರಲ್ಲೇ ಅಂಥದೊಂದನ್ನು ಕಟ್ಟಿ ತೋರಿಸಿದ್ದರು; ತಲೆ ತಿರುಗಿಸಿದರೆ ದೃಶ್ಯವೂ ತಿರುಗುತ್ತಿತ್ತು. ಅದರ ಭಾರ ಎಷ್ಟಿತ್ತೆಂದರೆ ಚಾವಣಿಗೆ ಕಟ್ಟಿ ಇಳಿಬಿಡಬೇಕಾಗಿತ್ತು. ನನಗೆ ಅದಕ್ಕಿಂತ ಹತ್ತಿರವೆನಿಸುವುದು 1990ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಆರಂಭಿಸಿದ ಕೆಲಸ. ಸುಟ್ಟಗಾಯದ ರೋಗಿಗಳಿಗೆ ಗಾಯ ತೊಳೆದು ಪಟ್ಟಿ ಬದಲಿಸುವಾಗ ಆಗುವ ನೋವು ಹೇಳತೀರದ್ದು. ಬಲವಾದ ನೋವುನಿವಾರಕ ಕೊಟ್ಟರೂ ಉಳಿಯುವಂಥದು. ಆ ಹೊತ್ತಿನಲ್ಲಿ ರೋಗಿಯ ಕಣ್ಣಿಗೆ ಹೆಡ್‌ಸೆಟ್ ಹಾಕಿ, ಹಿಮದ ಕಣಿವೆಯೊಂದರಲ್ಲಿ ತೇಲುತ್ತ ಹಿಮದುಂಡೆ ಎಸೆಯುವ ಆಟ ಆಡಿಸಿದರು. ನೋವು ಗಣನೀಯವಾಗಿ ಕಡಿಮೆಯಾಯಿತೆಂದು ರೋಗಿಗಳು ಹೇಳಿದರು. ಅದರ ಹಿಂದಿರುವುದು ಸರಳವಾದ ತರ್ಕ. ಮನಸ್ಸಿನ ಗಮನಕ್ಕೆ ಮಿತಿಯಿದೆ. ಅದರ ಬಹುಪಾಲನ್ನು ಕಣ್ಣು, ಕಿವಿ ಮತ್ತು ಕೈ ಸೇರಿ ಎಳೆದುಕೊಂಡರೆ ನೋವಿಗೆ ಉಳಿಯುವ ಪಾಲು ಚಿಕ್ಕದಾಗುತ್ತದೆ.

ಒಂದೇ ಚಿಂತೆಯನ್ನು ಮೆಲುಕು ಹಾಕುವುದಕ್ಕೂ ಇಂಥದೇ ಗಮನ ಬೇಕು. "ನಾನು ಒಳ್ಳೆಯ ತಾಯಿಯಲ್ಲ" ಎಂಬ ಮಾತು ತಲೆಯಲ್ಲಿ ನೂರನೆಯ ಸಲ ಓಡಬೇಕಾದರೆ ಅದಕ್ಕೆ ಖಾಲಿ ಜಾಗ ಬೇಕು. ಕತ್ತಲ ಕೋಣೆ ಆ ಜಾಗವನ್ನು ಧಾರಾಳವಾಗಿ ಕೊಡುತ್ತದೆ. ಕಣ್ಣು ಮುಚ್ಚಿ ಉಸಿರಾಟ ಗಮನಿಸಿ ಎಂದರೆ ದಣಿದ ತಾಯಂದಿರಲ್ಲಿ ಅನೇಕರಿಗೆ ಅದು ಸಾಧ್ಯವಾಗುವುದಿಲ್ಲ. ಕಣ್ಣು ಮುಚ್ಚಿದ ಕೂಡಲೇ ಭಯ ನುಗ್ಗಿ ಬರುತ್ತದೆ. ಕಣ್ಣು ತೆರೆದಿದ್ದುಕೊಂಡೇ ನೋಡಲು ಏನಾದರೂ ಇದ್ದರೆ ಅವರಿಗೆ ಹಿಡಿದುಕೊಳ್ಳಲು ಆಸರೆ ಸಿಗುತ್ತದೆ. ಕೆರೆಯ ದಂಡೆ, ಮರಗಳ ನಡುವಿನ ಬಿಸಿಲು, ಉಸಿರಿನೊಂದಿಗೆ ಅರಳಿ ಮುಚ್ಚಿಕೊಳ್ಳುವ ಒಂದು ಹೂವು. ಹಸಿರಿನ ನೋಟಕ್ಕೆ ಸಂಬಂಧಿಸಿದಂತೆ ರೋಜರ್ ಉಲ್‌ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೆಸರಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದನ್ನು ಕಡಿಮೆ ತೆಗೆದುಕೊಂಡರು. ಅದು ನಿಜವಾದ ಕಿಟಕಿ, ಹೆಡ್‌ಸೆಟ್ ಅಲ್ಲ. ಹಾಗಾಗಿ ಮಲಗುವ ಕೋಣೆಯಲ್ಲಿ ಮರ ಕಾಣುವ ಕಿಟಕಿಯಿದ್ದರೆ ಮೊದಲು ಮಂಚವನ್ನು ಅದರತ್ತ ಸರಿಸಿ ಎಂದೇ ಹೇಳುತ್ತೇನೆ.

ಹೂವಿನ ವಿಷಯಕ್ಕೆ ಬರೋಣ, ಏಕೆಂದರೆ ಒಳ್ಳೆಯ ವಿಆರ್ ಕಾರ್ಯಕ್ರಮಗಳ ತಿರುಳು ಅಲ್ಲಿದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರರ ಆಸುಪಾಸಿಗೆ ಇಳಿಸಿದರೆ, ಅದರಲ್ಲೂ ಹೊರಬಿಡುವ ಉಸಿರನ್ನು ಉದ್ದಮಾಡಿದರೆ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರದ ಮೂಲಕ ಹೃದಯಕ್ಕೆ ನಿಧಾನಿಸು ಎಂಬ ಸೂಚನೆ ಹೋಗುತ್ತದೆ. ಹೇಳಲು ಸುಲಭ. ಆತಂಕದಲ್ಲಿರುವವರಿಗೆ ಎಣಿಸಿ ಉಸಿರಾಡು ಎಂದರೆ ಎಣಿಕೆಯೇ ಇನ್ನೊಂದು ಪರೀಕ್ಷೆಯಾಗುತ್ತದೆ. ಎದುರಿಗೆ ಹೂವು ಅರಳುತ್ತಿದ್ದರೆ ಎಣಿಸಬೇಕಾಗಿಲ್ಲ, ಅದರ ಜೊತೆ ಹೋದರೆ ಸಾಕು. ಮೂರು ನಾಲ್ಕು ನಿಮಿಷದಲ್ಲಿ ಭುಜಗಳು ಇಳಿಯುವುದನ್ನು ಪಕ್ಕದಲ್ಲಿ ಕುಳಿತು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಭುಜ, ಆಮೇಲೆ ಕೈಬೆರಳುಗಳು, ಎಲ್ಲಕ್ಕಿಂತ ಕೊನೆಗೆ ದವಡೆ. ಒಬ್ಬೊಬ್ಬರಿಗೆ ಆ ಹೊತ್ತಿನಲ್ಲಿ ಅಳು ಬರುತ್ತದೆ. ಬರಲಿ ಎಂದು ಬಿಡುತ್ತೇವೆ.

ಇಷ್ಟು ಹೇಳಿದ ಮೇಲೆ ನಿದ್ದೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಹೆಡ್‌ಸೆಟ್ ಹಾಕಿಕೊಂಡೇ ನಿದ್ದೆ ಹೋಗಬೇಕೆಂದು ಬಹಳ ಜನ ಭಾವಿಸುತ್ತಾರೆ. ಬೇಡ. ಪರದೆ ಕಣ್ಣಿಗೆ ತೀರ ಹತ್ತಿರದಲ್ಲಿ ಬೆಳಕು ಸುರಿಯುತ್ತಿರುತ್ತದೆ. ನಮ್ಮ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಎಂದು ಮಿದುಳಿಗೆ ವರದಿ ಮಾಡುವ ಕೆಲವು ಜೀವಕೋಶಗಳಿವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವಕ್ಕೆ ಬೆಳಕು ಬಿದ್ದರೆ, ದೇಹವನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವ ತಗ್ಗುತ್ತದೆ. ರಾತ್ರಿ ಹಾಲು ಕುಡಿಸುವಾಗ ಮೊಬೈಲ್ ನೋಡುವುದಕ್ಕೂ ಇದೇ ಆಕ್ಷೇಪವಿದೆ. ಆದ್ದರಿಂದ ಅಭ್ಯಾಸ ಹಗಲಿನಲ್ಲಿ ನಡೆಯಲಿ, ಇಲ್ಲವೇ ಮಲಗುವುದಕ್ಕೆ ಬಹಳ ಮೊದಲೇ, ಮಂದ ಮತ್ತು ಬೆಚ್ಚನೆಯ ಬಣ್ಣದ ದೃಶ್ಯಗಳೊಂದಿಗೆ ನಡೆಯಲಿ. ಹಗಲಿನಲ್ಲಿ ಕಲಿತ ಉಸಿರಾಟ ರಾತ್ರಿ ಕತ್ತಲಲ್ಲಿ, ಹೆಡ್‌ಸೆಟ್ ಇಲ್ಲದೆಯೇ ಒದಗಬೇಕು. ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಂಡಿನ ಹಾಗೆ ಇದು.

ಗರ್ಭಿಣಿಯರಿಗೆ ಬೇರೆ ಎಚ್ಚರಿಕೆಗಳಿವೆ. ಕಣ್ಣು ನಾನು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ ಇಲ್ಲ, ಕುಳಿತಿದ್ದೇನೆ ಎನ್ನುತ್ತದೆ. ಈ ತಕರಾರಿನಿಂದ ವಾಕರಿಕೆ ಹುಟ್ಟುತ್ತದೆ. ಮೊದಲ ತಿಂಗಳುಗಳಲ್ಲಿ ಅವರು ಆಗಲೇ ವಾಕರಿಸುತ್ತಿರುತ್ತಾರೆ. ದೋಣಿ ಸಾಗುವ, ಹಕ್ಕಿಯಂತೆ ಹಾರುವ ದೃಶ್ಯಗಳು ಜಾಹೀರಾತಿನಲ್ಲಿ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಬೇಡ. ನೋಡುವವರು ನಿಂತಲ್ಲೇ ಇರುವಂಥ ದೃಶ್ಯ ಸಾಕು. ಹೊಟ್ಟೆ ಮುಂದೆ ಬಂದಂತೆ ದೇಹದ ತೂಕದ ಕೇಂದ್ರ ಸರಿದಿರುತ್ತದೆ. ಹಾಗಾಗಿ ನಿಂತುಕೊಂಡು ಬಳಸುವ ಮಾತೇ ಇಲ್ಲ. ಬೆನ್ನಿಗೆ, ಕತ್ತಿಗೆ ಆಸರೆ ಇರುವ ಕುರ್ಚಿಯಲ್ಲೇ ಕೂರಬೇಕು. ಮೂರ್ಛೆರೋಗವಿರುವವರು, ಪದೇ ಪದೇ ಮೈಗ್ರೇನ್ ಬರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು.

ಇನ್ನೊಂದು ಮಾತು, ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಗರ್ಭಧಾರಣೆಯ 20 ವಾರಗಳ ನಂತರ, ಹೆರಿಗೆಯಾದ ಮೇಲಿನ ವಾರಗಳಲ್ಲಿ ಕೂಡ, ತೀವ್ರ ತಲೆನೋವು ಬಂದರೆ, ಕಣ್ಣು ಮಂಜಾದರೆ, ಕಣ್ಣ ಮುಂದೆ ಚುಕ್ಕೆಗಳು ಮಿಂಚಿದರೆ ಅದು ಹೆಡ್‌ಸೆಟ್ಟಿನದೇ ತೊಂದರೆ ಇರಬೇಕು ಎಂದು ಸುಮ್ಮನಾಗಬಾರದು. ಪ್ರಿ-ಎಕ್ಲಾಂಪ್ಸಿಯಾ ಎಂಬ, ರಕ್ತದೊತ್ತಡ ಏರಿ ಜೀವಕ್ಕೇ ಕುತ್ತು ತರುವ ಸ್ಥಿತಿಯ ಲಕ್ಷಣಗಳೂ ಇವೇ. ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಬೇಕು.

ಹೆರಿಗೆಯ ಭಯದ ವಿಷಯದಲ್ಲಿ ಈ ಉಪಕರಣದ ಮೇಲೆ ನನಗೆ ಹೆಚ್ಚು ಭರವಸೆಯಿದೆ. ಭಯ ಹುಟ್ಟಿಸುವುದನ್ನು ಸುರಕ್ಷಿತ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ ಭಯ ಇಳಿಯುತ್ತದೆ ಎಂಬುದು ಮನಶ್ಚಿಕಿತ್ಸೆಯ ಹಳೆಯ ತಿಳಿವು. 1995ರಲ್ಲೇ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ಎತ್ತರದ ಭಯವಿದ್ದವರ ಮೇಲೆ ಇದನ್ನು ವರ್ಚುವಲ್ ರಿಯಾಲಿಟಿಯ ಮೂಲಕ ಮಾಡಿ ತೋರಿಸಿದ್ದರು. ಹೆರಿಗೆ ಕೋಣೆಯನ್ನು ಎಂದೂ ನೋಡದ ಹೆಣ್ಣುಮಗಳು ಅದರ ಬಾಗಿಲು, ಮಂಚ, ದೀಪ, ಯಂತ್ರಗಳ ಸದ್ದು ಎಲ್ಲವನ್ನೂ ಮೊದಲೇ ನಿಧಾನವಾಗಿ ನೋಡಿಕೊಂಡು, ಅಲ್ಲೇ ಉಸಿರಾಟ ಅಭ್ಯಾಸ ಮಾಡಿಕೊಂಡರೆ ಆ ದಿನ ಕೋಣೆಯಾದರೂ ಅಪರಿಚಿತವಾಗಿರುವುದಿಲ್ಲ. ಆದರೆ ಹಿಂದಿನ ಹೆರಿಗೆಯಲ್ಲಿ ಆಘಾತ ಅನುಭವಿಸಿದವರಿಗೆ, ಮಗುವನ್ನು ಕಳೆದುಕೊಂಡವರಿಗೆ ಅದೇ ಕೋಣೆಯನ್ನು ತೋರಿಸುವುದು ಗಾಯ ಕೆದಕಿದಂತೆ. ನುರಿತ ಮನಶ್ಚಿಕಿತ್ಸಕರು ಪಕ್ಕದಲ್ಲಿಲ್ಲದೆ ಅದನ್ನು ಮಾಡಲೇಬಾರದು.

ಈಗ ಕಾಯಿಲೆಯ ಮಾತು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು, ಕಿರಿಕಿರಿಯಾಗುವುದು ಬಹುಪಾಲು ತಾಯಂದಿರ ಅನುಭವ. ಮಾಸು ಹೊರಬಿದ್ದ ಕೂಡಲೇ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಮಟ್ಟ ಧಡಕ್ಕನೆ ಕುಸಿಯುತ್ತದೆ. ದಣಿವು, ನಿದ್ದೆಗೇಡು ಅದಕ್ಕೆ ಸೇರಿಕೊಳ್ಳುತ್ತವೆ. ಎರಡು ವಾರದೊಳಗೆ ಅದು ತಾನಾಗಿ ಕಳೆಯುತ್ತದೆ. ಕಳೆಯದಿದ್ದರೆ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಗರ್ಭಿಣಿಯರಲ್ಲಿ ಸುಮಾರು ಶೇ. 10, ಹೊಸದಾಗಿ ಹೆತ್ತವರಲ್ಲಿ ಸುಮಾರು ಶೇ. 13 ಮಂದಿ ಮಾನಸಿಕ ಕಾಯಿಲೆಗೆ, ಮುಖ್ಯವಾಗಿ ಖಿನ್ನತೆಗೆ ಒಳಗಾಗುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇ. 15.6 ಮತ್ತು ಶೇ. 19.8. ಖಿನ್ನತೆಯನ್ನು ಗುರುತಿಸಲು 1987ರಿಂದ ಎಡಿನ್‌ಬರೋ ಪ್ರಶ್ನಾವಳಿ ಬಳಕೆಯಲ್ಲಿದೆ. ಕಳೆದ ಏಳು ದಿನಗಳ ಬಗ್ಗೆ ಹತ್ತೇ ಪ್ರಶ್ನೆಗಳು. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ ಹೌದು ಎಂಬ ಛಾಯೆಯ ಉತ್ತರ ಬಂದರೂ ಉಳಿದದ್ದೆಲ್ಲವನ್ನೂ ಬದಿಗಿಟ್ಟು ಆಕೆಯ ಜೊತೆ ಕೂರಬೇಕು, ಒಬ್ಬಳನ್ನೇ ಬಿಡಬಾರದು, ವೈದ್ಯರ ಬಳಿ ಕರೆದೊಯ್ಯಬೇಕು.

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವ ಇನ್ನೊಂದು ಕಾಯಿಲೆಯಿದೆ. ಹಿರಿಯರು ಅದನ್ನು ಬಾಣಂತಿ ಸನ್ನಿ ಎನ್ನುತ್ತಿದ್ದರು. ಹೆರಿಗೆಯಾದ ಮೊದಲ ದಿನಗಳಲ್ಲೋ ವಾರಗಳಲ್ಲೋ ತಾಯಿಗೆ ಇಲ್ಲದ ದನಿಗಳು ಕೇಳಿಸುತ್ತವೆ, ಯಾರೋ ಮಗುವನ್ನು ಬದಲಿಸಿದ್ದಾರೆ ಎಂಬಂಥ ನಂಬಿಕೆಗಳು ಬಲಿಯುತ್ತವೆ. ನಿದ್ದೆ ಮಾಡದೆಯೂ ದಣಿವಿಲ್ಲ ಎನ್ನುತ್ತಾಳೆ. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಚಿಕಿತ್ಸೆ ಸಿಕ್ಕರೆ ಗುಣವಾಗುತ್ತದೆ. ಯಾವುದು ನಿಜ, ಯಾವುದು ಅಲ್ಲ ಎಂಬ ಗೆರೆಯೇ ಅಳಿಸಿಹೋಗುತ್ತಿರುವ ಮನಸ್ಸಿಗೆ ಇನ್ನೊಂದು ಕಟ್ಟಿದ ಲೋಕವನ್ನು ತೋರಿಸಬಾರದು. ಹೆಡ್‌ಸೆಟ್ ಕೊಡುವ ಮೊದಲು ತಾಯಿಯೊಡನೆ ಸಮಾಧಾನವಾಗಿ ಮಾತನಾಡಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಇದರಿಂದ ಖಿನ್ನತೆ ಗುಣವಾಗುತ್ತದೆಯೇ? 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮನೆಯಲ್ಲೇ ಬಳಸುವ ವಿಆರ್ ಕಾರ್ಯಕ್ರಮವೊಂದಕ್ಕೆ ಅನುಮತಿ ಕೊಟ್ಟಿತು. ಅದು ದೀರ್ಘಕಾಲದ ಸೊಂಟನೋವಿಗೆ. ಆ ಅನುಮತಿಯನ್ನು ತಂದು ಬಾಣಂತಿಯ ಖಿನ್ನತೆಗೆ ಅಂಟಿಸುವುದು ತಪ್ಪು. ತಾಯಂದಿರೊಂದಿಗೆ ನಡೆದಿರುವ ಪ್ರಯೋಗಗಳು ಬಹುತೇಕ ಚಿಕ್ಕವು, ಕೆಲವೇ ವಾರಗಳವು. ಖಿನ್ನತೆಗೆ ಮಾತಿನ ಚಿಕಿತ್ಸೆ, ಬೇಕಾದಾಗ ಔಷಧ. ನಿದ್ರಾಹೀನತೆಗೆ ಯೋಚನೆ ಮತ್ತು ರೂಢಿಗಳನ್ನು ತಿದ್ದುವ ಚಿಕಿತ್ಸೆ. ಮುಖ್ಯ ದಾರಿಗಳು ಇವೇ. ಹೆಡ್‌ಸೆಟ್ಟಿಗೆ ಅವುಗಳ ಪಕ್ಕದಲ್ಲಿ ಸಣ್ಣ ಜಾಗವಿದೆ.

ಯಂತ್ರವಿಲ್ಲದೆ ಏನಾಗಬಹುದು ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ಸದಾ ಇರುವ ಒಂದು ಅಧ್ಯಯನವಿದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಡೆಸಿದ್ದು, 2008ರಲ್ಲಿ ಪ್ರಕಟವಾಯಿತು. ಮನೆಮನೆಗೆ ಹೋಗುವ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರನ್ನು ಹೆರಿಗೆಯ ಮುಂಚೆಯಿಂದ ಮಗುವಿಗೆ ಹತ್ತು ತಿಂಗಳಾಗುವವರೆಗೆ ಭೇಟಿ ಮಾಡಿಸಿದರು. ಮಗುವಿಗೆ ಆರು ತಿಂಗಳಾದಾಗ ಈ ತಾಯಂದಿರಲ್ಲಿ ಶೇ. 23 ಮಂದಿಯಲ್ಲಿ ಖಿನ್ನತೆ ಉಳಿದಿತ್ತು. ಆ ತರಬೇತಿಯಿಲ್ಲದ ಕಾರ್ಯಕರ್ತೆಯರು ಭೇಟಿ ಮಾಡಿದ ತಾಯಂದಿರಲ್ಲಿ ಶೇ. 53. ಬಾಗಿಲು ತಟ್ಟಿ ಬಂದು, ಕುಳಿತು, ಹೇಗಿದ್ದೀರಿ ಎಂದು ಕೇಳುವ ಬಗೆ ಬಲ್ಲವರಿಂದ ಆದ ಕೆಲಸ ಅದು.

ಆದ್ದರಿಂದಲೇ ಮೊದಲ ಪ್ರಶ್ನೆಗೆ ಮರಳುತ್ತೇನೆ. ಹೆಡ್‌ಸೆಟ್ ತಾಯಿಯ ಕಣ್ಣನ್ನೂ ಕಿವಿಯನ್ನೂ ಮುಚ್ಚುತ್ತದೆ. ಮಗು ಮಡಿಲಲ್ಲಿರುವಾಗ, ಹಾಲು ಕುಡಿಯುತ್ತಿರುವಾಗ, ಪಕ್ಕದಲ್ಲಿ ಮಲಗಿರುವಾಗ ಇದನ್ನು ಹಾಕಿಕೊಳ್ಳುವಂತಿಲ್ಲ. ಮಗುವಿನ ಮುಖ, ಮೂಗು, ಬಣ್ಣ ಕಾಣುತ್ತಿರಬೇಕು. ಹಾಗಾಗಿ ಇದನ್ನು ಬಳಸಬೇಕೆಂದರೆ ಇನ್ನೊಬ್ಬರು ಬರಲೇಬೇಕು. ನಾವು ಮನೆಯವರನ್ನು ಕೂಡಿಸಿಕೊಂಡು ಒಪ್ಪಂದ ಮಾಡಿಸುತ್ತೇವೆ. ದಿನದ ಯಾವ ಹೊತ್ತು, ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಅತ್ತರೆ ಎಷ್ಟು ಹೊತ್ತು ಅವರೇ ಸಂಭಾಳಿಸುತ್ತಾರೆ, ಯಾವಾಗ ತಾಯಿಯನ್ನು ಕರೆಯುತ್ತಾರೆ. ಕರೆಯುವ ರೀತಿಯನ್ನೂ ಹೇಳಿಕೊಡುತ್ತೇವೆ: ಮೊದಲು ಮೆಲ್ಲನೆ ಹೆಸರು ಹಿಡಿದು ಕೂಗಿ, ಆಮೇಲೆ ತೋಳು ಮುಟ್ಟಿ. ಕಾಣದ ಕೈ ಏಕಾಏಕಿ ಮೈಮೇಲೆ ಬಿದ್ದರೆ ಬೆಚ್ಚಿಬೀಳುತ್ತಾರೆ, ಹದಿನೈದು ನಿಮಿಷದ ಸಮಾಧಾನ ಆ ಒಂದು ಕ್ಷಣದಲ್ಲಿ ಹೋಗುತ್ತದೆ. ಔಷಧದ ಚೀಟಿಯಲ್ಲಿ ಬರೆದದ್ದನ್ನು ಪಾಲಿಸುವಂತೆ ಮನೆಯವರು ಈ ಹೊತ್ತನ್ನು ಪಾಲಿಸುತ್ತಾರೆ. "ಸ್ವಲ್ಪ ಮಲಗಿಕೊಳ್ಳುತ್ತೇನೆ, ಮಗುವನ್ನು ಹಿಡಿಯಿರಿ" ಎಂದು ಬಾಯಿಬಿಟ್ಟು ಕೇಳಲಾರದ ಹೆಂಗಸೂ "ಅಭ್ಯಾಸದ ಹೊತ್ತಾಯಿತು" ಎಂದು ಹೇಳಬಲ್ಲಳು. ಹಾಗೆ ಕೇಳುವ ಸಂಕೋಚ ಎಷ್ಟು ಆಳದ್ದೆಂದು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಒಬ್ಬ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಮಗುವಿಗೆ ಆಗ ಏಳು ವಾರ. ವೈದ್ಯರ ಚಿಕಿತ್ಸೆ ನಡೆಯುತ್ತಿತ್ತು, ಅದರ ಜೊತೆಗೆ ನಮ್ಮಲ್ಲಿಗೂ ಬರುತ್ತಿದ್ದರು. ಅಕ್ಕ ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಮೊದಲ ಸಲ ನಾಲ್ಕನೆಯ ನಿಮಿಷಕ್ಕೇ ಹೆಡ್‌ಸೆಟ್ ಎತ್ತಿ "ಅತ್ತಿತಾ?" ಎಂದು ಕೇಳಿದರು. ಇಲ್ಲ, ಮಲಗಿದೆ ಎಂದೆವು. ಮರುವಾರ ಏಳನೆಯ ನಿಮಿಷಕ್ಕೆ ಕೇಳಿದರು. ಅದರ ಮುಂದಿನ ವಾರ ಕೇಳಲಿಲ್ಲ. ಆಮೇಲೆ ಮನೆಯಲ್ಲೂ ದಿನಾ ಮಧ್ಯಾಹ್ನ ಅಭ್ಯಾಸ ನಡೆಯಿತು. ಅಕ್ಕ ಅದೇ ಹೊತ್ತಿಗೆ ತಪ್ಪದೆ ಬರುತ್ತಿದ್ದರು. ಒಂದೂವರೆ ತಿಂಗಳ ಮೇಲೆ ಆಕೆ ಹೆಡ್‌ಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ವಾಪಸ್ ತಂದರು. "ಇನ್ನು ಬೇಡ ಮೇಡಂ, ಬೇರೆ ಯಾರಿಗಾದರೂ ಕೊಡಿ. ಆ ಹೊತ್ತಿಗೆ ನಾನು ಸುಮ್ಮನೆ ಮಲಗಿಬಿಡುತ್ತೇನೆ" ಎಂದರು. ಅಕ್ಕ ಈಗಲೂ ಬರುತ್ತಾರೆಯೇ ಎಂದು ಕೇಳಿದೆ. ಬರುತ್ತಾರಂತೆ, ನಿನ್ನೆ ಎರಡು ಗಂಟೆ ಹೊತ್ತು ಎಬ್ಬಿಸಲೇ ಇಲ್ಲವಂತೆ.